ಆರು ಪುಸ್ತಕಗಳಲ್ಲಿ ಒಂದೇ ಉಸಿರು

ಎರಡನೆಯ ಬೇಸಿಗೆಯ ನಲವತ್ತೊಂದನೆಯ ದಿನ, ಇಸವಿ ೨೧೯೩
ಮಾಜಿಕೇರಿ, ಘಟಪ್ರಭೆ ಹರಿಯುತ್ತಿದ್ದ ದಂಡೆ

ಬಾಳಪ್ಪ ಮುತ್ಯಾ ಅವರಿಗೆ, ನಿಮ್ಮ ಮೊಮ್ಮಗನ ಮೊಮ್ಮಗನ ಮಗಳು ಬಸಲಿಂಗವ್ವ ಮಾಡುವ ಶರಣು ಶರಣಾರ್ಥಿ.

ತಾರೀಖು ನೋಡಿ ಯಾರೋ ಕುಚೋದ್ಯ ಮಾಡಿದ್ದಾರೆಂದು ಕಾಗದ ಹರಿಯಬೇಡಿ. ನೀವು ಮಳೆಗಾಲ ಎನ್ನುತ್ತಿದ್ದ ತಿಂಗಳುಗಳನ್ನೇ ನಾವು ಎರಡನೆಯ ಬೇಸಿಗೆ ಎನ್ನುತ್ತೇವೆ. ನನ್ನ ಕನ್ನಡ ನಿಮಗೆ ಒರಟಾಗಿ ಕಂಡರೆ ಕ್ಷಮೆ ಇರಲಿ. ನಿಮ್ಮ ದಿನಚರಿಯನ್ನು ಎರಡು ತಿಂಗಳು ಓದಿ, ಅದೇ ಬರವಣಿಗೆಯನ್ನು ರೂಢಿ ಮಾಡಿಕೊಂಡು ಬರೆಯುತ್ತಿದ್ದೇನೆ. ಆದರೂ ಕೆಲವು ಮಾತುಗಳು ಹೊಸವು. ಆ ವಸ್ತುಗಳೇ ನಿಮ್ಮ ಕಾಲದಲ್ಲಿ ಇರಲಿಲ್ಲ, ನಿಮ್ಮ ಪುಣ್ಯ. ಹಿಂದಕ್ಕೆ ಟಪಾಲು ಕಳಿಸುವ ದಾರಿ ನಮಗೂ ಗೊತ್ತಿಲ್ಲ. ಬರೆದು ನಿಮ್ಮ ಕಪ್ಪು ಟ್ರಂಕಿನೊಳಗೇ ಇಡುತ್ತೇನೆ. ಮುಚ್ಚಳದ ಮೇಲೆ ನೀವು ಬಿಳಿ ಬಣ್ಣದಲ್ಲಿ ಬರೆಸಿದ ನಂಬರು ಮಾಸಿದೆ, ‘ನಾಯಕ್’ ಎಂಬ ನಿಮ್ಮ ದರ್ಜೆ ಮಾತ್ರ ಇನ್ನೂ ಓದಲು ಬರುತ್ತದೆ. ನಾನು ಹವಾಲ್ದಾರಳಾಗಿ ನಿವೃತ್ತಳಾದವಳು. ವಯಸ್ಸಿನಲ್ಲಿ ನೀವು ನನಗಿಂತ ನೂರೈವತ್ತು ವರ್ಷ ದೊಡ್ಡವರು, ದರ್ಜೆಯಲ್ಲಿ ನಾನು ನಿಮಗಿಂತ ದೊಡ್ಡವಳು. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಮಾಜಿಕೇರಿ ಎಂದರೆ ಮಾಜಿ ಸೈನಿಕರ ಕೇರಿ. ಎದುರುಬದುರು ಎರಡು ಸಾಲು ಮನೆ, ನಡುವೆ ಒಂದು ನೀರಿನ ತೊಟ್ಟಿ. ಬೆಳಿಗ್ಗೆ ತಲೆಗೆ ನಾಲ್ಕು ತಂಬಿಗೆ ನೀರು. ಒಂದು ಕುಡಿಯಲು, ಒಂದು ಅಡುಗೆಗೆ, ಒಂದು ಮೈಗೆ, ಇನ್ನೊಂದು ಕಿಟಕಿಯ ಬಟ್ಟೆ ನೆನೆಸಲು. ಧೂಳುಗಂಟೆ ಬಾರಿಸಿದರೆ ಎಲ್ಲರೂ ಒಳಗೆ ಹೋಗಿ ಆ ಒದ್ದೆ ಬಟ್ಟೆ ಇಳಿಬಿಟ್ಟು ಕೂರಬೇಕು. ಜೋಳವನ್ನು ಬಲೆಯ ನೆರಳಲ್ಲಿ ಬೆಳೆಯುತ್ತಾರೆ. ರೊಟ್ಟಿ ಬಡಿಯುವವರು ಈಗಲೂ ಇದ್ದಾರೆ, ಆದರೆ ನಡುವೆ ಕೂತು ಸುಧಾರಿಸಿಕೊಂಡು ಬಡಿಯುತ್ತಾರೆ. ನಾವು ದೂರವನ್ನು ಹೆಜ್ಜೆಯಲ್ಲಿ ಅಳೆಯುವುದಿಲ್ಲ, ನಿಲುವಿನಲ್ಲಿ ಅಳೆಯುತ್ತೇವೆ. ಉಸಿರು ಕಟ್ಟಿ ಎಷ್ಟು ಸಲ ನಿಲ್ಲಬೇಕೋ ಅಷ್ಟು ನಿಲುವು. ತೊಟ್ಟಿ ನನಗೆ ಎರಡು ನಿಲುವು. ಎದುರು ಸಾಲಿನ ಕೊನೆಯಲ್ಲಿರುವ ನನ್ನ ತುಕಡಿಯವನೇ ಆದ ಇಮಾಮಸಾಬ ನದಾಫನ ಮನೆ ಮೂರು. ಅವನಿಗೆ ತನ್ನ ಮನೆಯ ಹೊಸ್ತಿಲೇ ಒಂದು ನಿಲುವಾಗಿತ್ತು.

ಸೇನಾ ದಿನದಂದು ಪಟ್ಟಣದವರು ಬಂದು ನಮ್ಮನ್ನು ಸಾಲಾಗಿ ಕೂರಿಸಿ ಹಾರ ಹಾಕುತ್ತಾರೆ. ಮಕ್ಕಳು ಹಾಡುತ್ತಾರೆ. ಹಾಡಿನ ನಡುವೆ ನಮ್ಮಲ್ಲಿ ಯಾರಾದರೂ ಕೆಮ್ಮಿದರೆ ಮಾಸ್ತರರು ಹಾಡನ್ನು ಇನ್ನಷ್ಟು ಜೋರಾಗಿ ಹೇಳಿಸುತ್ತಾರೆ. ನನಗೆ ಇದರಿಂದ ಮೈ ಉರಿಯುತ್ತದೆ. ಹಾರ ಹಾಕಿ ಸಾಕಾಗಿದ್ದರೆ ಕಿಟಕಿಗೆ ಎರಡು ಹೊಸ ಬಟ್ಟೆ ಕೊಡಿ ಎಂದು ಒಮ್ಮೆ ಹೇಳಿದೆ. ಮರುವರ್ಷ ನನ್ನನ್ನು ಹಿಂದಿನ ಸಾಲಿನಲ್ಲಿ ಕೂರಿಸಿದರು.

ನಾನು ಹತ್ತೊಂಬತ್ತಕ್ಕೆ ಸೇರಿ ನಲವತ್ತೊಂದಕ್ಕೆ ಹೊರಬಂದೆ. ಅಷ್ಟೂ ವರ್ಷ ಇದ್ದದ್ದು ಬೂದಿಗಡಿಯಲ್ಲಿ. ಉತ್ತರದಲ್ಲಿ ವರ್ಷಗಟ್ಟಲೆ ಹೊತ್ತಿ ಉರಿದು ಆರಿದ ಒಂದು ಪ್ರದೇಶವಿದೆ. ಅಲ್ಲಿ ಯಾರೂ ಬದುಕುವುದಿಲ್ಲ, ಏನೂ ಬೆಳೆಯುವುದಿಲ್ಲ. ಗಡಿಯಾಚೆಯವರು ಕಾಲಿಡಬಾರದೆಂದು ನಾವು ನಿಂತಿದ್ದೆವು, ನಾವು ಕಾಲಿಡಬಾರದೆಂದು ಅವರು ನಿಂತಿದ್ದರು. ಶತ್ರುವನ್ನು ನಾನು ಕಣ್ಣಾರೆ ಕಂಡದ್ದು ಎರಡೇ ಸಲ. ಎರಡೂ ಸಲ ಅವನು ಬಗ್ಗಿ ಕೆಮ್ಮುತ್ತಿದ್ದ. ಬೂದಿ ವಿಭೂತಿಯಷ್ಟು ನುಣುಪು, ಯಾವ ಮುಖವಾಡದೊಳಗೂ ನುಗ್ಗುತ್ತಿತ್ತು. ಆದರೂ ಮುತ್ಯಾ, ಆ ಕೆಲಸವನ್ನು ನಾನು ಬೇಸರದಿಂದ ಮಾಡಲಿಲ್ಲ. ನನ್ನ ತುಕಡಿಯಲ್ಲಿ ನನ್ನನ್ನು ಸೇರಿಸಿ ಹನ್ನೆರಡು ಜನ. ಅವರ ಜೊತೆ ಕೂತು ಉಂಡಷ್ಟು ರುಚಿಯಾಗಿ ನಾನು ಮತ್ತೆಲ್ಲೂ ಉಂಡಿಲ್ಲ.

ಪ್ರತಿ ಭಾನುವಾರ ಊದುಹಾಜರಿ ಇರುತ್ತಿತ್ತು. ಒಂದು ಕೊಳವೆಗೆ ಬಾಯಿಟ್ಟು ಊದಬೇಕು. ಯಂತ್ರ ಆ ಉಸಿರನ್ನು ಗೆರೆಯಾಗಿ ಎಳೆದು ಅವರವರ ಉಸಿರುಪುಸ್ತಕದಲ್ಲಿ ಅಚ್ಚು ಹಾಕುತ್ತದೆ. ಗೆರೆ ಗುರುತಿಗಿಂತ ಕೆಳಗಿದ್ದರೆ ಆ ಮನುಷ್ಯನನ್ನು ಗಡಿಯಿಂದ ಇಳಿಸಿ ಹಿಂದಕ್ಕೆ ಕಳಿಸಬೇಕೆಂಬುದು ನಿಯಮ. ಒಳ್ಳೆಯ ನಿಯಮ, ಯಾರೋ ತಿಳಿದವರೇ ಮಾಡಿದ್ದು. ಆದರೆ ಇಳಿದುಹೋಗುವುದೆಂದರೆ ನಮ್ಮಲ್ಲಿ ಸತ್ತಷ್ಟು ಅವಮಾನ. ತುಕಡಿಯಲ್ಲಿ ಒಂಬತ್ತಕ್ಕಿಂತ ಕಡಿಮೆ ಜನ ಉಳಿದರೆ ತುಕಡಿಯನ್ನೇ ಒಡೆದು ಬೇರೆ ಬೇರೆ ಕಡೆ ಹಂಚುತ್ತಿದ್ದರು. ಮೊದಲು ಗುರುತು ಮುಟ್ಟದೆ ಹೋದವಳು ತಾಯವ್ವ. ಇಪ್ಪತ್ತೊಂದು ವರ್ಷದ ಹುಡುಗಿ, ನಗುವಾಗ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಅಳುತ್ತಾ ನಿಂತಿದ್ದಳು. ಹಾಜರಿ ಹಿಡಿಯುವವಳು ನಾನೇ, ನೋಡುವವರು ಯಾರೂ ಇರಲಿಲ್ಲ. ನನ್ನ ಎದೆ ಆಗ ಗಟ್ಟಿ. ಅವಳ ಪುಸ್ತಕವನ್ನು ಯಂತ್ರಕ್ಕಿಟ್ಟು ನಾನು ಊದಿದೆ.

ಮುಂದಿನ ವರ್ಷ ಮೂವರಿಗೆ ಊದಿದೆ. ಕೊನೆಕೊನೆಗೆ ಐವರಿಗೆ, ಆಮೇಲೆ ನನಗೆ. ಭಾನುವಾರ ಬಂದರೆ ಒಟ್ಟು ಆರು ಸಲ ಊದಿ ತಲೆ ಸುತ್ತಿ ಕೂರುತ್ತಿದ್ದೆ. ಅವರೈವರೂ ನನ್ನ ಸುತ್ತ ನಿಂತು ಗಾಳಿ ಹಾಕಿ ತಮಾಷೆ ಮಾಡುತ್ತಿದ್ದರು. ಒಂದು ದೊಡ್ಡ ಉಪಕಾರ ಮಾಡುತ್ತಿದ್ದೇನೆಂಬ ಸೊಕ್ಕು ನನಗಿತ್ತು.

ಈ ಸೊಕ್ಕು ಎಲ್ಲಿಂದ ಬಂತೆಂದು ಹೇಳುತ್ತೇನೆ, ಸಿಟ್ಟಾಗಬೇಡಿ. ಅದು ನಿಮ್ಮಿಂದ ಬಂತು. ನಮ್ಮ ಮನೆಯಲ್ಲಿ ಯಾವ ಮಗು ಬಿದ್ದು ಅತ್ತರೂ ಅಜ್ಜಿ ಹೇಳುತ್ತಿದ್ದದ್ದು ಒಂದೇ ಮಾತು: “ನಮ್ಮ ಬಾಳಪ್ಪ ಮುತ್ಯಾ ಹದಿನೇಳು ವರ್ಷ ಮಿಲ್ಟ್ರಿಯೊಳಗಿದ್ರು, ಒಂದಿನಾ ಉಶ್ ಅನ್ನಲಿಲ್ಲ. ನೀ ಯಾಕ ಅಳ್ತಿ?” ನಿಮ್ಮ ಆರೋಗ್ಯದ ಪುಸ್ತಕವನ್ನು ಟ್ರಂಕಿನಿಂದ ತೆಗೆದು ತೋರಿಸುತ್ತಿದ್ದಳು. ಪ್ರತಿ ವರ್ಷದ ಪುಟದಲ್ಲೂ ‘ಯಾವ ತೊಂದರೆಯೂ ಇಲ್ಲ’ ಎಂದಿದೆ, ಕೆಳಗೆ ನಿಮ್ಮ ಸಹಿ ಇದೆ. ಬೇರೆ ಮನೆಗಳಲ್ಲಿ ದೇವರ ಪಟಕ್ಕೆ ಕೈ ಮುಗಿದಂತೆ ನಾವು ಆ ಪುಟಗಳಿಗೆ ಮುಗಿಯುತ್ತಿದ್ದೆವು. ಐದು ತಲೆಮಾರು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ನರಳಲಿಲ್ಲ. ಎಲ್ಲರೂ ಬೇಗ ಸತ್ತರು.

ಸೇವೆ ಮುಗಿಸಿದ ಮೇಲೆ ಆ ಐವರಿಗೆ ಒಬ್ಬೊಬ್ಬರಾಗಿ ಎದೆ ಕಟ್ಟತೊಡಗಿತು. ನಮ್ಮಲ್ಲಿ ಗಾಳಿಮನೆ ಎಂಬುದಿದೆ. ಅಲ್ಲಿ ಗಾಳಿಯನ್ನು ಸೋಸಿ ಬಿಡುತ್ತಾರೆ. ಹಾಸಿಗೆ ಸಿಕ್ಕವರು ಹತ್ತು ವರ್ಷ ಹೆಚ್ಚು ಬದುಕುತ್ತಾರೆ. ಹಾಸಿಗೆಗಳು ಕಡಿಮೆ, ಸೇವೆಯಲ್ಲಿದ್ದಾಗ ಉಸಿರು ಕೆಟ್ಟವರಿಗೆ ಮಾತ್ರ. ವರ್ಷಕ್ಕೊಮ್ಮೆ ನಡೆಯುವ ದೇಹ ತಪಾಸಣೆಗೆ, ಅಂದರೆ ಮೈಹಾಜರಿಗೆ, ಹೋಗಿ ನಿಂತರೆ ಅಧಿಕಾರಿಗಳು ಮೊದಲು ನೋಡುವುದು ಎದೆಯನ್ನಲ್ಲ, ಉಸಿರುಪುಸ್ತಕವನ್ನು. ತಾಯವ್ವ ಕುರ್ಚಿಯಲ್ಲಿ ಕೂತೇ ಬಂದಳು. ನಿನ್ನ ಉಸಿರು ಸೇವೆಯ ಕೊನೆಯ ವಾರದವರೆಗೂ ಪೂರ್ತಿ ಇತ್ತು, ಈ ರೋಗ ಆಮೇಲೆ ಬಂದದ್ದು ಎಂದು ಅವಳನ್ನು ವಾಪಸು ಕಳಿಸಿದರು. ಆ ಪೂರ್ತಿ ಉಸಿರು ನನ್ನದು. ಅವಳು ಮೂವತ್ತೆಂಟಕ್ಕೆ ಸತ್ತಳು. ನಂತರ ಇನ್ನೂ ಮೂವರು ಹೋದರು. ನಾಲ್ವರ ಹೆಸರನ್ನೂ ತೊಟ್ಟಿಯ ಪಕ್ಕ ಸತ್ತ ಸೈನಿಕರ ಗೌರವಕ್ಕೆಂದು ನಿಲ್ಲಿಸಿದ ಕಲ್ಲಿನ ಮೇಲೆ ಕೆತ್ತಿದ್ದಾರೆ. ದಿನಾ ನೀರು ಹಿಡಿಯುವಾಗ ಅವು ಕಣ್ಣಿಗೆ ಬೀಳುತ್ತವೆ. ಮೊದಲ ಭಾನುವಾರವೇ ಅವರನ್ನು ಇಳಿಸಿ ಕಳಿಸಿದ್ದರೆ ಅವಮಾನಪಟ್ಟುಕೊಂಡು ಬದುಕಿರುತ್ತಿದ್ದರು. ನಾನು ಅವರನ್ನು ಕೊಂದೆ. ಇದನ್ನು ಇದಕ್ಕಿಂತ ಮೆತ್ತಗೆ ಬರೆಯಲು ನನಗೆ ಬರುವುದಿಲ್ಲ.

ಐದನೆಯವನು ಇಮಾಮಸಾಬ. ಆರು ವರ್ಷ ಅವನು ಮಲಗಿರಲಿಲ್ಲ. ಮಲಗಿದರೆ ಉಸಿರು ನಿಲ್ಲುತ್ತಿತ್ತು. ಗೋಡೆಗೆ ದಿಂಬು ಇಟ್ಟು, ಅದಕ್ಕೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದ. ನಾನು ಹೋಗಿ ಎಲ್ಲ ಹೇಳಿಬಿಡುತ್ತೇನೆ ಎಂದಾಗಲೆಲ್ಲ ಅವನು ತಡೆದ. ಒಂದೊಂದು ಮಾತಿಗೂ ನಿಂತು ಹೇಳಿದ: “ಅಕ್ಕಾರ, ಪುಸ್ತಕ ಸುಳ್ಳಂತ ನೀವ ಹೇಳಿದ್ರ, ನಾವ ಐದೂ ಮಂದಿ ಕಳ್ಳರಾಕ್ಕೀವ್ರಿ. ಕಲ್ಲಿನ ಮ್ಯಾಲಿನ ಹೆಸರ ಅಳಸ್ತಾರ. ನನ್ನ ಉಸರ ಹೋದ್ರ ಹೋಗ್ಲಿ. ತಾಯವ್ವನ ಹೆಸರ ಇರ್ಲಿ.” ಅದು ನಿಜವಾದ ಭಯವೇ. ಇನ್ನೊಂದು ಭಯ ನನ್ನದು, ಅದನ್ನು ಅವನಿಗೆ ಹೇಳಲಿಲ್ಲ. ನನ್ನ ಎದೆಯೂ ಕೆಟ್ಟಿದೆ; ಐವರಿಗೆ ಊದಿ ಸೋತ ಮೇಲೆ ನನಗೆ ಊದುತ್ತಿದ್ದುದರಿಂದ ಕೊನೆಯ ವರ್ಷದ ನನ್ನ ಗೆರೆಗಳಲ್ಲಿ ಮಾತ್ರ ಅದು ದಾಖಲಾಗಿದೆ. ಹಾಸಿಗೆಯ ಸರದಿಯಲ್ಲಿ ನನ್ನ ಹೆಸರಿತ್ತು, ಬರುವ ವರ್ಷ ಗಾಳಿಮನೆಯಲ್ಲಿ ಸಿಗುತ್ತದೆಂದು ಗೊತ್ತಾಗಿತ್ತು. ಸುಳ್ಳು ದಾಖಲೆ ಮಾಡಿದವರಿಗೆ ಹಾಸಿಗೆ ಇಲ್ಲ. ಹೀಗಾಗಿ ಇಮಾಮಸಾಬ ಬೇಡ ಅಂದಾಗ ನನಗೆ ಒಳಗೊಳಗೇ ಹಾಯೆನಿಸುತ್ತಿತ್ತು. ಆರು ವರ್ಷ ಹೀಗೆ ಕಳೆದೆ.

ಎರಡು ತಿಂಗಳ ಹಿಂದೆ ಟ್ರಂಕಿನ ತಳ ತುಕ್ಕು ಹಿಡಿದು ಉದುರಿತು. ತಗಡು ಹೊಡೆಸಲೆಂದು ಒಳಗೆ ಹಾಸಿದ್ದ ದಪ್ಪ ರಟ್ಟು ಕಿತ್ತಾಗ ಅದರಡಿ ನಿಮ್ಮ ದಿನಚರಿ ಸಿಕ್ಕಿತು. ಐದು ತಲೆಮಾರಿನಲ್ಲಿ ಯಾರೂ ಅದನ್ನು ನೋಡಿರಲಿಲ್ಲ. ನಿವೃತ್ತಿಯಾಗಿ ಬಂದು ನೀವು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುತ್ತಿದ್ದ ವರ್ಷಗಳದ್ದು. ನಾನು ಕೂತು ಓದಿದೆ. “ಎಡಗಿವಿ ಇವತ್ತೂ ಗುಂಯ್ ಅಂತು. ಮ್ಯಾನೇಜರ ಕರೆದದ್ದು ಕೇಳಲಿಲ್ಲ, ನಕ್ಕು ಸುಮ್ಮನಾದೆ.” “ಹಿಮದಾಗ ಹೋದ ಬೆರಳು ಇಲ್ಲದಿದ್ರೂ ಅಲ್ಲೇ ಉರೀತದ.” “ಮೆಟ್ಟಲ ಹತ್ತೂವಾಗ ಎದಿ ಹಿಡೀತು. ನೀಲವ್ವಗ ಹೇಳಿಲ್ಲ.” ಮುಂದಿನ ಪುಟದಲ್ಲೂ “ನೀಲವ್ವಗ ಹೇಳಿಲ್ಲ.” ಅದರ ಮುಂದಿನ ಪುಟದಲ್ಲೂ ಅದೇ, ಕಟ್ಟಿಕೊಂಡ ಹೆಂಡತಿಗೂ ಹೇಳಿಲ್ಲ. ಇತ್ತ ಅದೇ ತಿಂಗಳು ಬ್ಯಾಂಕಿನವರು ತುಂಬಿಸಿದ ಫಾರ್ಮಿನ ನಕಲಿದೆ: ಯಾವ ತೊಂದರೆಯೂ ಇಲ್ಲ, ಸಹಿ.

ನನಗೆ ನಿಮ್ಮ ಮೇಲೆ ಬಂದ ಕೋಪ ಅಷ್ಟಿಷ್ಟಲ್ಲ. ಉಶ್ ಅನ್ನದ ಮನುಷ್ಯ ಪುಟ ಪುಟದಲ್ಲೂ ಉಶ್ ಅಂದಿದ್ದಾನೆ, ಯಾರಿಗೂ ಕೇಳದಂತೆ. ಕೋಪ ಇಳಿದ ಮೇಲೆ ಅಳು ಬಂತು. ಕೆಮ್ಮು ಬರುವಷ್ಟು ಅತ್ತೆ. ಮರುದಿನ ಮೈಹಾಜರಿ ಇತ್ತು. ಇಮಾಮಸಾಬನನ್ನು ಕೇಳದೆ ಹೋದೆ.

ಅಧಿಕಾರಿ ಮೂವತ್ತರ ಹೆಣ್ಣುಮಗಳು. ನಾನು ಹೇಳಿದ್ದನ್ನೆಲ್ಲ ಕೇಳಿ, “ಅಮ್ಮಾರ, ಪುಸ್ತಕದಾಗ ಎಲ್ಲಾ ಸರಿ ಐತಲ್ರಿ. ಬರೇ ನಿಮ್ಮ ಮಾತಿನ ಮ್ಯಾಲ ನಾ ಏನ ಮಾಡ್ಲಿ?” ಅಂದಳು. ಆರೂ ಪುಸ್ತಕ ತರಿಸಿ ಒಂದರ ಪಕ್ಕ ಒಂದಿಡು ಎಂದೆ. ಅದುವರೆಗೆ ಯಾರೂ ಹಾಗೆ ಇಟ್ಟು ನೋಡಿರಲಿಲ್ಲ. ಒಬ್ಬೊಬ್ಬರ ಪುಸ್ತಕ ಒಂದೊಂದು ಕಪಾಟಿನಲ್ಲಿತ್ತು. ಚಿಕ್ಕಂದಿನಲ್ಲಿ ಅಟ್ಟದಿಂದ ಬಿದ್ದು ನನ್ನ ಪಕ್ಕೆಲುಬು ಮುರಿದಿತ್ತು, ಹಾಗಾಗಿ ನಾನು ಊದುವಾಗ ಗೆರೆ ಶುರುವಿನಲ್ಲೇ ಸಣ್ಣಗೆ ಎಡವುತ್ತದೆ. ಆರು ಪುಸ್ತಕದಲ್ಲೂ ಅದೇ ಎಡವು. ಕೊನೆಯ ವರ್ಷ ನನಗೆ ಜ್ವರ ಬಂದ ವಾರ ಆರೂ ಗೆರೆಗಳು ಒಟ್ಟಿಗೆ ಕುಸಿದಿವೆ, ಆಮೇಲೆ ಒಟ್ಟಿಗೆ ಎದ್ದಿವೆ. ಆ ಹುಡುಗಿ ಬೆರಳಿಟ್ಟು ಒಂದೊಂದನ್ನೇ ನೋಡುತ್ತಾ ಹೋದಳು. ಎದ್ದು ಹೋಗಿ ಮೇಲಿನವರನ್ನು ಕರೆತಂದಳು.

ಎಂಟು ದಿನದೊಳಗೆ ಇಮಾಮಸಾಬನಿಗೆ ಹಾಸಿಗೆ ಮಂಜೂರಾಯಿತು. ನನ್ನದು ರದ್ದಾಯಿತು, ನಾಳೆ ನಾನು ಸತ್ತರೆ ನನ್ನ ಹೆಸರನ್ನು ಕಲ್ಲಿನ ಮೇಲೆ ಕೆತ್ತುವುದಿಲ್ಲ. ಉಳಿದ ನಾಲ್ವರ ಹೆಸರಿನ ವಿಚಾರ ಇನ್ನೂ ತೀರ್ಮಾನವಾಗಿಲ್ಲವಂತೆ. ಬೆಳಿಗ್ಗೆ ತೊಟ್ಟಿಗೆ ಹೋದಾಗ ಮೊದಲು ಕಲ್ಲು ನೋಡುತ್ತೇನೆ, ಇವತ್ತಿನ ಮಟ್ಟಿಗೆ ಇವೆ. ಇಮಾಮಸಾಬನನ್ನು ಗಾಡಿಯಲ್ಲಿ ಕರೆದೊಯ್ಯುವಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಅವನು ನನ್ನ ಕಡೆ ತಿರುಗಿ ನೋಡಲಿಲ್ಲ. ನಾಲ್ಕನೆಯ ದಿನ ಗಾಡಿಯವನು ಬಂದು ಅವನ ಮಾತು ತಲುಪಿಸಿದ: “ಅಕ್ಕಾರಿಗೆ ಹೇಳ್ರಿ, ಅಂಗಾತ ಮಲ್ಕೊಂಡೀನಿ.” ಅಷ್ಟೇ ಹೇಳಿ ಕಳಿಸಿದ್ದ. ಅವನು ನನ್ನನ್ನು ಕ್ಷಮಿಸಿದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ಮಲಗಿದ್ದಾನೆ.

ಈ ಕಾಗದ ಶುರು ಮಾಡಿದಾಗ ಎರಡು ನಿಲುವಿದ್ದ ತೊಟ್ಟಿ ಈಗ ನನಗೆ ನಾಲ್ಕು ನಿಲುವಾಗಿದೆ. ಇದನ್ನೂ ನಿಂತು ನಿಂತು ಹನ್ನೊಂದು ದಿನ ಬರೆದಿದ್ದೇನೆ.

ಮುತ್ಯಾ, ನಿಮ್ಮ ದಿನಚರಿ ಎಲ್ಲಿಗೆ ನಿಂತಿದೆಯೆಂದು ನನಗೆ ಗೊತ್ತು. ತಾರೀಖು ಹೇಳುವುದಿಲ್ಲ. ಆಮೇಲೆ ಬಹಳ ಹಾಳೆ ಖಾಲಿ ಇವೆ ಎಂದಷ್ಟೇ ಹೇಳುತ್ತೇನೆ. ಈ ಕಾಗದ ಸಿಕ್ಕ ದಿನವೇ ಎದ್ದು ಒಳಗೆ ಹೋಗಿ. ನೀಲವ್ವಾಯಿ ಒಲೆ ಮುಂದಿರುತ್ತಾರೆ. ಎದೆ ಹಿಡಿಯುತ್ತದೆಂದು ಅವರಿಗೆ ಹೇಳಿ, ಕಿವಿಯದ್ದೂ ಹೇಳಿ. ಆಮೇಲೆ ದವಾಖಾನೆಗೆ ಹೋಗಿ, ಡಾಕ್ಟರು ಕೇಳಿದಾಗ ‘ಏನಿಲ್ರಿ’ ಅನ್ನಬೇಡಿ. ಫಾರ್ಮಿನಲ್ಲಿ ಇದ್ದದ್ದನ್ನು ಇದ್ದಂತೆ ಬರೆದು ಸಹಿ ಹಾಕಿ, ಆ ಪುಟವನ್ನು ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲಿಡಿ, ಮಕ್ಕಳು ಮೊದಲು ಅದನ್ನೇ ಓದಲಿ.

ಮೊಮ್ಮಗಳಾಗಿ ಕಾಲು ಮುಟ್ಟಿ ಕೇಳಿಕೊಳ್ಳುತ್ತಿದ್ದೇನೆ. ಮೊಮ್ಮಕ್ಕಳ ಮಾತು ಕೇಳುವ ಜಾಯಮಾನ ನಿಮ್ಮದಲ್ಲವೆಂದು ದಿನಚರಿಯಿಂದಲೇ ತಿಳಿದಿದೆ, ಆದ್ದರಿಂದ ಹವಾಲ್ದಾರಳಾಗಿಯೂ ಬರೆಯುತ್ತಿದ್ದೇನೆ. ನಾಯಕ್ ಬಾಳಪ್ಪ, ಹೋಗಿ ನೀಲವ್ವನಿಗೆ ಹೇಳು. ಇದು ಹುಕುಂ.