ಮೂವತ್ತೊಂದು ಹೆಬ್ಬೆಟ್ಟು

ಮಲ್ಕಾಜ್‌ಗಿರಿ, ಹೈದರಾಬಾದ್
14-3-2004

ಅವ್ವಾ,

ನಿನ್ನ ಪಾದಕ್ಕೆ ಭಾಗ್ಯಶ್ರೀಯ ನಮಸ್ಕಾರ. ಪಕ್ಕದ ಮನೆಯ ರೇಣುಕಕ್ಕ ಇದನ್ನು ಓದಿ ಹೇಳುವಾಗ ನೀನು ಸೊಪ್ಪು ಸೋಸುತ್ತ ಕೂತಿರುತ್ತೀ. ಹಾಗೇ ಕೂತು ಕೇಳು, ನಡುವೆ ಎದ್ದು ಹೋಗಬೇಡ.

ಅಪ್ಪ ಹೋಗಿ ನಿನ್ನೆಗೆ ತಿಂಗಳು ತುಂಬಿತು. ನಾಳೆ ರೈಲ್ವೆ ಕ್ವಾರ್ಟರ್ಸಿನ ಬೀಗದ ಕೈ ಕೊಡುತ್ತೇನೆ. ಅಪ್ಪನ ಸುತ್ತಿಗೆ, ಸ್ಪ್ಯಾನರ್, ಕೆಂಪು ಬಾವುಟಗಳನ್ನು ಹಳಿ ರಿಪೇರಿ ಗ್ಯಾಂಗಿನ ಸಂಗಣ್ಣ ಕಾಕಾ ಬಂದು ಒಯ್ದರು. ಇಪ್ಪತ್ತೆಂಟು ವರ್ಷ ದಿನಾ ಹಳಿಯ ಮೇಲೆ ನಡೆದು, ಸಡಿಲಾದದ್ದನ್ನೆಲ್ಲ ಬಡಿದು ಕೂರಿಸಿದ ಸುತ್ತಿಗೆ. ಕೊಡಲು ಮನಸ್ಸಾಗಲಿಲ್ಲ, ಆದರೆ ಅದು ಇಲಾಖೆಯದು. ಹಳೇ ಸ್ವೆಟರ್ ಮಾತ್ರ ನಾನು ಇಟ್ಟುಕೊಂಡಿದ್ದೇನೆ.

ನೀನು ಊರಿಗೆ ಹೊರಟ ದಿನ ಕಾಚಿಗೂಡದಲ್ಲಿ ರೈಲು ಬಿಡುವ ಹೊತ್ತಿಗೆ ಕೇಳಿದೆ: "ನಿಮ್ಮಪ್ಪಾರು ನಿಮ್ಮ ಆಫೀಸಿಗೆ ಏನೋ ಬರದು ಕೊಟ್ಟಿದ್ರಲ್ಲ, ಅದು ಏನಾತು?" ನಾನು ಕಿಟಕಿಯಲ್ಲಿ ನೀರಿನ ಬಾಟಲಿ ಕೊಟ್ಟೆ. ಉತ್ತರ ಈಗ ಬರೆಯುತ್ತಿದ್ದೇನೆ.

ರೈಲ್ವೆ ಇನ್ನು ಹತ್ತು ವರ್ಷ ಯಾವ ಸಂಶೋಧನೆಗೆ ಮೊದಲು ಕೈಹಾಕಬೇಕು ಎಂದು ಪಟ್ಟಿ ಮಾಡುವ ಕೆಲಸ ಮಾದಾಪುರದ ನಮ್ಮ ಕಂಪನಿಗೆ ಬಂದಿತ್ತು. ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡು ಹೊರಟರೆ, ನಮ್ಮ ಎಮ್ಮೆಗೂ ಹಿಂಗ ಹಗ್ಗ ಇತ್ತು ಎಂದು ಅಪ್ಪ ನಗುತ್ತಿದ್ದನಲ್ಲ, ಅದೇ ಕಂಪನಿ. ನೌಕರರ ಅಭಿಪ್ರಾಯ ಕೇಳಲು ಫಾರಂ ಹಂಚಿದ್ದರು. ಇಪ್ಪತ್ತು ಸಾವಿರ ತುಂಬಿ ಬಂದವು. ಹೆಚ್ಚಿನವರಿಗೆ ವೇಗದ ಗಾಡಿ ಬೇಕು, ಕಂಪ್ಯೂಟರ್ ಟಿಕೆಟ್ ಬೇಕು. ಅಪ್ಪ ಕನ್ನಡದಲ್ಲಿ ಬರೆದಿದ್ದ: ಎದುರುಗಾಳಿ ಇದ್ದಾಗ ಹಿಂದಿನಿಂದ ಬರುವ ಗಾಡಿಯ ಸಪ್ಪಳ ಕೇಳುವುದಿಲ್ಲ, ಹಳಿ ಮೇಲೆ ಕೆಲಸ ಮಾಡುವವನ ಮೈಮೇಲೆ ಗಾಡಿ ಬಂದರೆ ಬಾರಿಸುವ ಗಂಟೆಯಂಥದ್ದು ಏನಾದರೂ ಕಂಡುಹಿಡಿಯಿರಿ.

ಅವನ ಜೊತೆಯ ಮೂವತ್ತು ಜನ ಹೇಳಿದ್ದೂ ಅದೇ. ಅವರಿಗೆ ಬರೆಯಲು ಬಾರದು. ಅಪ್ಪನೇ ಒಬ್ಬೊಬ್ಬರದೂ ಬರೆದು ಹೆಬ್ಬೆಟ್ಟು ಒತ್ತಿಸಿದ. ಅವರ ನಡುವೆ ತಾನೊಬ್ಬ ಸಹಿ ಹಾಕಿ ಮೆರೆಯುವುದು ಬೇಡವೆಂದು ತನ್ನದಕ್ಕೂ ಹೆಬ್ಬೆಟ್ಟೇ ಒತ್ತಿದ.

ಕನಿಷ್ಠ ಇಪ್ಪತ್ತೈದು ಜನ ಹೇಳಿದ ಮಾತು ಮಾತ್ರ ಪಟ್ಟಿಗೆ ಸೇರುತ್ತಿತ್ತು. ಒಬ್ಬನೇ ಕೂತು ಕಟ್ಟುಗಟ್ಟಲೆ ಬರೆದು ಕಳಿಸಬಾರದೆಂದು, ಒಂದೇ ಕೈಬರಹದ ಫಾರಂ ಎಷ್ಟಿದ್ದರೂ ಒಂದೇ ಎಂದು ಎಣಿಸುವ ನಿಯಮವೂ ಇತ್ತು. ಹಾಗಾಗಿ ಮೂವತ್ತೊಂದು ಜನ ಒಬ್ಬರಾದರು, ಆ ಮಾತು ಪಟ್ಟಿಯಿಂದ ಬಿತ್ತು. ಎಣಿಸಿದವರಿಗೆ ಅದು ಯಾರ ಅಕ್ಷರ ಎಂದು ಹೇಗೆ ತಿಳಿಯಬೇಕು ಅವ್ವಾ? ಯಾರನ್ನೂ ಬೈಯಬೇಡ.

ವರದಿ ಹೋಗಿ ಎರಡು ತಿಂಗಳಿಗೆ, ಅಪ್ಪ ತಿರುವಿನಲ್ಲಿ ಗಾಳಿಗೆ ಮುಖಮಾಡಿ ಬಗ್ಗಿದ್ದಾಗ ಹಿಂದಿನಿಂದ ಗಾಡಿ ಬಂತು. ಪಟ್ಟಿಗೆ ಸೇರಿದ್ದರೂ ಅಷ್ಟರೊಳಗೆ ಆ ಗಂಟೆ ತಯಾರಾಗುತ್ತಿರಲಿಲ್ಲ. ಅದು ನನಗೆ ಗೊತ್ತು.

ಹೊತ್ತಿಗೆ ಸರಿಯಾಗಿ ಉಣ್ಣು. ಬಿ.ಪಿ. ಗುಳಿಗೆ ಮರೆಯಬೇಡ.

ನಿನ್ನ ಮಗಳು,
ಭಾಗ್ಯಶ್ರೀ

ತಾ.ಕ.: ರೇಣುಕಕ್ಕಾ, ಇದನ್ನು ಬಿಟ್ಟು ಓದಬೇಡ, ಅವ್ವನಿಗೆ ಕೇಳಿಸು. ಕನ್ನಡದ ಫಾರಂಗಳನ್ನು ಎಣಿಸಿದವಳು ನಾನೊಬ್ಬಳೇ. ಮೊದಲನೆಯ ಫಾರಂ ತೆಗೆದಾಗಲೇ ಅಪ್ಪನ ಅಕ್ಷರ ಗುರುತು ಹಿಡಿದೆ. ಬರೆಯಲು ಬಾರದವರ ಪರವಾಗಿ ಅಪ್ಪ ಬರೆದದ್ದೆಂದು ಮೇಲಿನವರಿಗೆ ಒಂದು ಮಾತು ಹೇಳಿದ್ದರೆ ಮೂವತ್ತೊಂದೂ ಎಣಿಕೆಗೆ ಬರುತ್ತಿದ್ದವು. ಗ್ಯಾಂಗಿನವನ ಮಗಳೆಂದು ಎಲ್ಲರಿಗೂ ತಿಳಿಯುತ್ತದೆಂದು ನಾಚಿ ಕಂಪ್ಯೂಟರಿನಲ್ಲಿ 'ಒಂದು' ಎಂದು ಒತ್ತಿದೆ. ಆ ದಿನ ಊಟಕ್ಕೆ ಕೂತಾಗ ಅಪ್ಪ, "ನಮ್ಮ ಮಂದಿ ಕಾಗದ ಬಂದಾವೇನವ್ವಾ?" ಅಂದ. ಇಪ್ಪತ್ತು ಸಾವಿರದಲ್ಲಿ ನನಗೆಲ್ಲಿ ಕಾಣಬೇಕು ಅಂದೆ. ಹೌದು ಬಿಡು ಎಂದು, ತನ್ನ ತಟ್ಟೆಯಲ್ಲಿದ್ದ ಬಿಸಿ ರೊಟ್ಟಿ ತೆಗೆದು ನನಗೆ ಹಾಕಿದ.