ಮಗ್ಗವಿಲ್ಲದ ಕುಣಿ

ರೀ,

ನಿಮ್ಮ ಮಗ್ಗ ಇಳಕಲ್ಲಿನ ಈ ಮನೆಯಿಂದ ಹೋಗಿ ವಾರವಾಯಿತು. ನೀವೇ ತೀರಿಹೋದ ಮೇಲೆ ನೇಯುವವರು ಯಾರೆಂದು ನಾನೇ ಮಾರಿದೆ.

ಇವತ್ತು ಶಾಲೆಯಿಂದ ಬಂದ ನಮ್ಮ ರೋಹಿಣಿ, ಮಗ್ಗದ ಕೆಳಗಿದ್ದ ಖಾಲಿ ಕುಣಿಯಲ್ಲಿ ಕಾಲು ಇಳಿಬಿಟ್ಟು, ನೀವು ನೇಯುತ್ತ ಕಲಿಸಿದ ಇಂಗ್ಲಿಷ್ ಪ್ರಾಸಪದಗಳನ್ನು ಶುರುಮಾಡಿದಳು. ಕಾಲಿಂದ ಮೆಟ್ಟು ತುಳಿದಾಗ ಪದ, ಕೈಯಿಂದ ಹಲಗೆ ಎಳೆದು ನೂಲಿಗೆ ಬಡಿದಾಗ ಅರ್ಥ, ನೆನಪಿದೆಯಲ್ಲ?

"ಸನ್ ಅಂದ್ರ ಸೂರ್ಯ, ರನ್ ಅಂದ್ರ ಓಡು, ಫನ್ ಅಂದ್ರ..."

ಅಲ್ಲಿಗೇ ನಿಂತಳು.

"ಮಜಾ," ಅಂದೆ.

"ಗೊತ್ತೈತಿ. ಮಗ್ಗದ ಸಪ್ಪಳಿಲ್ಲ, ಅದಕ್ಕ ಬಾಯಿಗೆ ಬರವಲ್ದು."

ನಾನು ಅಂಗೈಯಿಂದ ನೆಲ ಬಡಿಯತೊಡಗಿದೆ. ಅವಳು ಸ್ವಲ್ಪ ಹೊತ್ತು ಕೇಳಿ, ನನ್ನ ಕೈ ಹಿಡಿದು ನಿಲ್ಲಿಸಿದಳು.

"ಬಿಡವ್ವ, ಕೈ ನೋಯ್ತೈತಿ."

ಕುಣಿ ಮುಚ್ಚಲು ನಾಳೆ ಗೌಂಡಿ ಬರುತ್ತಾನೆ. ಅವನಿಗೆ ಏನು ಹೇಳಿ ವಾಪಸ್ ಕಳಿಸಲಿ?