ಬೋಗುಣಿ ನೀರಿನ ಪರೀಕ್ಷೆ

ಮಾರ್ಚ್ ೧೨, ಬುಧವಾರ

ಕೈಯಲ್ಲಿ ಇನ್ನೂ ಆ ಸ್ಟೀಲ್ ಬೋಗುಣಿಯ ತೂಕ ಇದೆ. ಖರೀದಿ ಅಧಿಕಾರಿಯ ಹುಬ್ಬು ಒಡೆದೆ. ಒಡೆದೆ ಎಂದೇ ಬರೆಯುತ್ತೇನೆ, ಕೈ ತಪ್ಪಿತು ಎಂದು ಬರೆಯುವುದಿಲ್ಲ.

ಸರ್ಕಾರಿ ಆಸ್ಪತ್ರೆಗಳಿಗೆ ಗಾಯಕ್ಕೆ ಕಟ್ಟುವ ಬಟ್ಟೆ ನೇಯುವುದೇ ನಮ್ಮ ನೇಕಾರರ ಸಂಘದ ಅನ್ನ. ಬಟ್ಟೆಯನ್ನು ನೀರಿನ ಮೇಲೆ ಬಿಟ್ಟರೆ ಹತ್ತು ಎಣಿಸುವುದರೊಳಗೆ ಮುಳುಗಬೇಕು, ಆಗಲೇ ಅದು ರಕ್ತ ಚೆನ್ನಾಗಿ ಹೀರುತ್ತದೆ ಎಂದರ್ಥ. ಆಸ್ಪತ್ರೆಯವರು ಹಾಗೆ ನೋಡಿಯೇ ಒಪ್ಪುತ್ತಿದ್ದರು. ಇವತ್ತೂ ಹಾಗೇ ಅಂದುಕೊಂಡು ನಾನೂ ಅಕ್ಕನೂ ಟೆಂಡರ್ ಸಭೆಗೆ ಬೋಗುಣಿ ತುಂಬ ನೀರು ಹೊತ್ತು ಹೋದೆವು. ಎಂಥ ಪೆದ್ದರು ನಾವು.

"ಇದೇನಮ್ಮ, ಪಾತ್ರೆ ತೊಳೆಯೋಕೆ ಬಂದ್ರಾ?" ಅಧಿಕಾರಿ ನಕ್ಕ.

"ಟೆಂಡರ್ ಹಾಕಿರೋ ಆ ಹೊರದೇಶದ ಕಂಪನಿ ಬಟ್ಟೆನೂ ಮುಳುಗ್ಸಿ ತೋರ್ಸಿ ಸ್ವಾಮಿ, ಸುಮ್ನೆ ಹೋಗ್ತೀವಿ," ಎಂದಳು ಅಕ್ಕ.

"ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದಿದೆ. ಇನ್ಮೇಲೆ ಊರಿನವ್ರು ಅಂತ ಮೀಸಲು ಇಲ್ಲ. ಹೊರದೇಶದವ್ರ ದರ ಕಡಿಮೆ, ಅವ್ರಿಗೇ ಆಯ್ತು. ನಿಮ್ಮ ಮಗ್ಗ ಸೌದೆಗಾದ್ರೂ ಆಗುತ್ತೆ, ಹೋಗಿ."

ಅರವತ್ತು ಮನೆ ಉಣ್ಣುವ ಮಗ್ಗಗಳನ್ನು ಸೌದೆ ಎಂದ. ಬೋಗುಣಿ ಎತ್ತಿ ಮುಖಕ್ಕೆ ಬೀಸಿದೆ.

ಕಾವಲುಗಾರರು ನನ್ನನ್ನು ನೆಲಕ್ಕೆ ಕೆಡವಿ ಪಕ್ಕೆಲುಬಿಗೆ ಒದ್ದರು. ಬಿದ್ದಲ್ಲಿಂದಲೇ ಕಂಡೆ, ಅಕ್ಕ ನಮ್ಮ ಮಾದರಿ ಬಟ್ಟೆಯನ್ನು ಅವನ ಹುಬ್ಬಿಗೆ ಒತ್ತಿ ಹಿಡಿದಿದ್ದಳು.

"ಅಲ್ಲಾಡ್ಬೇಡಿ, ರಕ್ತ ಹೀರ್ಕೊಳ್ಲಿ," ಎಂದು ಅವನನ್ನೇ ಗದರುತ್ತಿದ್ದಳು.

ಒದೆ ತಿನ್ನುತ್ತಲೇ ನಾನು ಎಣಿಸಿದೆ. ಆರಕ್ಕೆಲ್ಲ ಬಟ್ಟೆ ಪೂರ್ತಿ ಕೆಂಪಾಯಿತು.

ಬೆಳಿಗ್ಗೆ ಠಾಣೆಗೆ ಬಾ ಎಂದಿದ್ದಾರೆ. ಆ ಬಟ್ಟೆಯನ್ನು ನನ್ನ ವಿರುದ್ಧ ಸಾಕ್ಷಿಯಾಗಿ ಇಡುತ್ತಾರಂತೆ. ಇಡಲಿ. ನ್ಯಾಯಾಧೀಶರ ಮುಂದೆ ನಾನೇ ಹೇಳುತ್ತೇನೆ, ಸ್ವಾಮಿ, ಹತ್ತಲ್ಲ, ಆರು, ಬರೀ ಆರು ಎಣಿಸುವಷ್ಟರಲ್ಲಿ ನಮ್ಮ ಬಟ್ಟೆ ರಕ್ತ ಹೀರಿತು.